ಮೀನನ್ನು ವಿಮಾನ ಹತ್ತಿಸಬೇಡಿ, ಕೆರೆಗೂ ಬಿಡಬೇಡಿ

ನನ್ನ ತಮ್ಮನ ಸಂಸಾರ ಮೆಲ್ಬರ್ನಿಗೆ ಹೊರಟಿತ್ತು. ಹೊರಡುವ ಮುಂಚೆ ಊರಿಗೆ ಬಂದು, ಹಾರನಹಳ್ಳಿಯ ಲಕ್ಷ್ಮೀನರಸಿಂಹನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಹೋಗೋಣವೆಂದು ಬಂದಿದ್ದರು. ಕಾರಿನ ಹಿಂದಿನ ಸೀಟಿನಲ್ಲಿ ಎಂಟು ವರ್ಷದ ಮಗಳು ತೊಡೆಯ ಮೇಲೆ ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಬೆಂಗಳೂರಿನಿಂದ ಅರಸೀಕೆರೆಯವರೆಗೂ ಎರಡು ಕೈಯಲ್ಲಿ ಅದನ್ನು ಅಲುಗಾಡದಂತೆ ಹಿಡಿದುಕೊಂಡೇ ಬಂದಿದ್ದಳಂತೆ. ಒಳಗೆ ಒಂದು ಗೋಲ್ಡ್ ಫಿಶ್, ಎರಡು ಸಕ್ಕರ್ ಮೀನು.

"ದೊಡ್ಡಪ್ಪ, ಇವನ್ನ ಫ್ಲೈಟಲ್ಲಿ ಕರ್ಕೊಂಡು ಹೋಗ್ಬೋದಾ?" ಎಂದು ಕೇಳಿದಳು.

ತಗೊಂಡು ಎನ್ನಲಿಲ್ಲ, ಕರ್ಕೊಂಡು ಎಂದಳು. ಮನುಷ್ಯರನ್ನು ಕರೆದುಕೊಂಡು ಹೋಗುತ್ತೇವೆ, ಸಾಮಾನನ್ನು ತೆಗೆದುಕೊಂಡು ಹೋಗುತ್ತೇವೆ. ಮಗು ಆ ಮೂರು ಮೀನನ್ನು ಮನೆಯವರ ಸಾಲಿನಲ್ಲಿ ಕೂರಿಸಿತ್ತು. ದೊಡ್ಡವರಾದ ನಮಗೆ ಅದು ಹೊಳೆದಿರಲಿಲ್ಲ. ಫ್ರಿಜ್ ಯಾರಿಗೆ, ಸೋಫಾ ಯಾರಿಗೆ, ಸ್ಕೂಟರ್ ಯಾರಿಗೆ ಎಂಬುದು ತಿಂಗಳ ಮುಂಚೆಯೇ ಮಾತಾಗಿತ್ತು. ಮೀನಿನ ಮಾತು ಬಂದದ್ದು ವಿಮಾನಕ್ಕೆ ಎರಡು ದಿನ ಉಳಿದಾಗ.

ನಾನು ಉತ್ತರ ಹುಡುಕುವಷ್ಟರಲ್ಲಿ ಅವಳ ಅಜ್ಜಿ ಹೇಳಿಯಾಗಿತ್ತು. "ನಮ್ಮ ಕೆರೆಗೆ ಬಿಟ್ಬುಡು ಕಣವ್ವ. ಅವೂ ಹಾಯಾಗಿರ್ತವೆ, ನಿಂಗೂ ಪುಣ್ಯ ಬತ್ತದೆ."

ಅಮ್ಮನ ಆ ಮಾತಿನಲ್ಲಿ ಕರುಣೆ ಬಿಟ್ಟು ಬೇರೇನೂ ಇರಲಿಲ್ಲ. ಅದನ್ನು ಬಲ್ಲೆ, ಯಾಕೆಂದರೆ ಇಪ್ಪತ್ತು ವರ್ಷದ ಹಿಂದೆ ಅದೇ ಕರುಣೆಯಿಂದ ನಾನೂ ಅದೇ ಕೆಲಸ ಮಾಡಿದ್ದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಬಿಡುವಾಗ, ಗೇಣುದ್ದ ಬೆಳೆದಿದ್ದ ಎರಡು ಸಕ್ಕರ್ ಮೀನನ್ನು ಬಕೆಟ್ಟಿನಲ್ಲಿ ಒಯ್ದು, ಬೆಳಗಿನ ಜಾವ ಹತ್ತಿರದ ಕೆರೆಗೆ ಸುರಿದು ಕೈಮುಗಿದು ಬಂದಿದ್ದೆ. ಎರಡು ಜೀವ ಉಳಿಸಿದೆ ಅಂದುಕೊಂಡಿದ್ದೆ. ಈಗ ಆ ಕೆರೆಯಲ್ಲಿ ಬಲೆ ಬೀಸುವವರ ಕೈಗೆ ಗೆಂಡೆ, ಕೊರವಗಳಿಗಿಂತ ಹೆಚ್ಚಾಗಿ ಸಿಗುವುದು ಅದೇ ಕರಿಯ, ಒರಟು ಚಿಪ್ಪಿನ ಮೀನು. ಅದನ್ನು ಕೊಳ್ಳುವವರಿಲ್ಲ. ಅದರ ಮುಳ್ಳಿಗೆ ಬಲೆ ಹರಿಯುತ್ತದೆ. ದಡದ ಮೇಲೆ ಎಸೆದ ಮೀನು ಗಂಟೆಗಟ್ಟಲೆ ಬಾಯಿ ಆಡಿಸುತ್ತಾ ಬಿದ್ದಿರುವುದನ್ನು ಕಂಡು ಬಂದಿದ್ದೇನೆ. ನಾನೊಬ್ಬನೇ ಕಾರಣ ಇರಲಾರದು, ನನ್ನಂಥ ನೂರು ಜನ ಆ ದಡದಲ್ಲಿ ಕೈಮುಗಿದಿರಬೇಕು. ಆದರೆ ಆ ನೂರರಲ್ಲಿ ನಾನೊಬ್ಬ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಗುವಿನ ಪ್ರಶ್ನೆ. ಮೀನನ್ನು ವಿಮಾನದಲ್ಲಿ ಕಳಿಸಬಹುದೆ? ಕಳಿಸಬಹುದು, ದಿನವೂ ಕಳಿಸುತ್ತಾರೆ. ಬಣ್ಣದ ಮೀನಿನ ಅಂತರರಾಷ್ಟ್ರೀಯ ವ್ಯಾಪಾರ ನಿಂತಿರುವುದೇ ವಿಮಾನದ ಮೇಲೆ. ಅದು ಹೇಗೆ ನಡೆಯುತ್ತದೆ ಎಂಬುದನ್ನು ಮಾತ್ರ ಮೀನು ಸಾಕುವ ಪ್ರತಿ ಮನೆಯವರೂ ತಿಳಿದಿರಬೇಕು.

ಹೊರಡುವ ಮುಂಚೆ ಒಂದೆರಡು ದಿನ ಮೀನಿಗೆ ತಿನ್ನಲು ಏನೂ ಹಾಕುವುದಿಲ್ಲ. ಹೊಟ್ಟೆ ಖಾಲಿಯಿದ್ದರೆ ದಾರಿಯಲ್ಲಿ ನೀರು ಕಡಿಮೆ ಕೆಡುತ್ತದೆ. ಆಮೇಲೆ ಒಂದರೊಳಗೊಂದು ಎರಡು ಪಾಲಿಥೀನ್ ಚೀಲ. ಮೂರರಲ್ಲಿ ಒಂದು ಪಾಲು ನೀರು, ಉಳಿದ ಜಾಗಕ್ಕೆ ಸಿಲಿಂಡರಿನಿಂದ ಆಮ್ಲಜನಕ. ಬಾಯಿ ತಿರುಚಿ ರಬ್ಬರ್ ಬ್ಯಾಂಡ್ ಬಿಗಿದು ಥರ್ಮಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಾರೆ. ಚೀಲವನ್ನು ಪೂರ್ತಿ ಬಿಗಿಯಾಗಿ ಉಬ್ಬಿಸುವಂತಿಲ್ಲ. ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಇರುವಷ್ಟಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಕ್ಕೆ ಇಳಿಯುವುದರಿಂದ ಚೀಲ ಅಲ್ಲಿ ತಾನಾಗಿಯೇ ಉಬ್ಬುತ್ತದೆ.

ಆ ಕತ್ತಲ ಪೆಟ್ಟಿಗೆಯೊಳಗೆ ಮೀನು ಉಸಿರಾಡಿದಷ್ಟೂ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರುತ್ತದೆ, ನೀರು ಹುಳಿಯಾಗುತ್ತದೆ. ಕಿವಿರಿನಿಂದ ಅಮೋನಿಯಾ ಹೊರಬೀಳುತ್ತದೆ. ಹುಳಿ ನೀರಿನಲ್ಲಿರುವವರೆಗೆ ಆ ಅಮೋನಿಯಾ ಅಷ್ಟು ವಿಷವಲ್ಲ. ಅದು ವಿಷವಾಗುವುದು ಊರು ಮುಟ್ಟಿದ ಮೇಲೆ. ಚೀಲದ ಬಾಯಿ ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ನೀರಿನ ಹುಳಿ ಇಳಿಯುತ್ತದೆ, ಅಷ್ಟು ಹೊತ್ತು ಸುಮ್ಮನಿದ್ದ ಅಮೋನಿಯಾ ಮೀನಿನ ಮೈಯೊಳಕ್ಕೆ ನುಗ್ಗುತ್ತದೆ. ದೂರದಿಂದ ಬಂದಿದೆ, ನಿಧಾನಕ್ಕೆ ಒಗ್ಗಿಕೊಳ್ಳಲಿ ಎಂದು ಚೀಲ ಬಿಚ್ಚಿ ಅದೇ ನೀರಿನಲ್ಲಿ ಬಿಟ್ಟು ಕಾಯುವವರ ಕಣ್ಣೆದುರೇ ಮೀನು ಅಂಗಾತವಾಗುವುದು ಇದರಿಂದ. ಪ್ರೀತಿ ಇದ್ದರೆ ಸಾಲದು ಎಂಬುದನ್ನು ನಾನು ಇಷ್ಟು ಕಟುವಾಗಿ ಬೇರೆಲ್ಲೂ ಕಂಡಿಲ್ಲ.

ಬದುಕಿ ಉಳಿದರೂ ದೇಶದ ಬಾಗಿಲಲ್ಲಿ ತಡೆಯುತ್ತಾರೆ. ಆಸ್ಟ್ರೇಲಿಯಾ ತನ್ನ ಪಟ್ಟಿಯಲ್ಲಿರುವ ಜಾತಿಯ ಮೀನನ್ನಷ್ಟೇ, ಪರವಾನಗಿ ಮತ್ತು ಕ್ವಾರಂಟೈನ್‌ನ ಮೇಲೆ ಒಳಗೆ ಬಿಡುತ್ತದೆ. ಹೊರದೇಶದಿಂದ ಮರಳುವವರು ಸಾಮಾನಿನ ಜತೆ ಸಾಕುಪ್ರಾಣಿಯೆಂದು ತರಲು ನಮ್ಮ ದೇಶ ಒಪ್ಪುವುದು ನಾಯಿ ಬೆಕ್ಕುಗಳನ್ನು. ಇದನ್ನೆಲ್ಲ ಕೇಳಿ ಕಿರಿಕಿರಿ ಎನ್ನುವವರಿದ್ದಾರೆ. ನಾನು ಆ ಅಧಿಕಾರಿಗಳ ಪರ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಬ್ಯಾಗುಗಳಲ್ಲಿ 78 ಪ್ರಾಣಿಗಳು ಸಿಕ್ಕವು. ಹೆಬ್ಬಾವು, ಕಾಳಿಂಗ, ಜತೆಗೆ ಆರು ಪುಟ್ಟ ಮಂಗಗಳು. ಆರು ಮಂಗಗಳೂ ಬ್ಯಾಗಿನೊಳಗೇ ಸತ್ತಿದ್ದವು. ಯಾರದೋ ಮನೆಯಲ್ಲಿ ಸಾಕುವುದಕ್ಕೆಂದು ಹೊರಟಿರಬಹುದಾದ ಜೀವಗಳು ಅವು.

ಈಗ ಅಮ್ಮನ ಉತ್ತರಕ್ಕೆ ಬರುತ್ತೇನೆ. ನನ್ನ ಸಂಕಟ ಹೆಚ್ಚು ಇರುವುದು ಅಲ್ಲಿ.

ಹಾರನಹಳ್ಳಿಯ ಗುಡಿಯನ್ನು 1235ರಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದರು. ಅದರ ಗೋಡೆಯ ಸುತ್ತ ಆನೆ, ಕುದುರೆಗಳ ಮೇಲೆ ಮಕರದ ಸಾಲಿದೆ. ಆನೆಯ ಸೊಂಡಿಲೋ ಮೊಸಳೆಯ ಬಾಯೋ ಎನ್ನುವಂಥ ಮೋರೆ, ಹಂದಿಯ ಮೈ, ನವಿಲಿನ ಬಾಲ ಇರುವ ನೀರಿನ ಪ್ರಾಣಿ. ಆದರೆ ನಮ್ಮ ಸೀಮೆಯ ಜನ ಬದುಕಿದ್ದು ಗುಡಿಯಿಂದಲ್ಲ, ಕೆರೆಯಿಂದ. ಅರಸೀಕೆರೆ ಎಂದರೆ ಅರಸಿಯ ಕೆರೆ. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ, ಅಲ್ಲಿ ಸಮುದ್ರವೆಂದರೆ ಕೆರೆಯೇ. ನಮ್ಮೂರಿನ ಮಠಕ್ಕೂ ಕೋಡಿಮಠ ಎಂದೇ ಹೆಸರು, ಕೋಡಿ ಎಂಬುದು ಕೆರೆಯವರ ಮಾತು. ಏರಿ, ತೂಬು, ಕೋಡಿ, ಅಚ್ಚುಕಟ್ಟು. ಈ ನಾಲ್ಕು ಮಾತು ಗೊತ್ತಿಲ್ಲದೆ ನಮ್ಮ ಅಜ್ಜಂದಿರಲ್ಲಿ ಯಾರೂ ಬೆಳೆಯಲಿಲ್ಲ.

ಸಕ್ಕರ್ ಮೀನು ಮರಿಮಾಡುವುದು ಹೇಗೆ ಗೊತ್ತೆ? ಗಂಡು ಮೀನು ದಡದ ಮಣ್ಣಿನೊಳಕ್ಕೆ ಮೊಳಗಟ್ಟಲೆ ಬಿಲ ಕೊರೆಯುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಡುತ್ತದೆ, ಗಂಡು ಕಾಯುತ್ತದೆ. ಒಂದೇ ದಡದಲ್ಲಿ ಹತ್ತಾರು ಬಿಲಗಳಾದ ಮೇಲೆ ಮಳೆಗಾಲದಲ್ಲಿ ಮಣ್ಣು ಕುಸಿಯುತ್ತದೆ. ಅಮೆಜಾನ್ ಸೀಮೆಯ ಆ ದೊಡ್ಡ ಹೊಳೆಗಳ ದಡದಲ್ಲಿ ಅದು ಅದರ ಸಹಜ ಬದುಕು, ಅದನ್ನು ತಪ್ಪೆನ್ನಲಾಗದು. ಆದರೆ ನಮ್ಮಲ್ಲಿ ದಡ ಎಂದರೆ ಏರಿ. ಮಣ್ಣು ಹೊತ್ತು, ಎತ್ತಿನಿಂದ ತುಳಿಸಿ ಗಟ್ಟಿಮಾಡಿದ ಏರಿ. ಅರವತ್ತು ರೂಪಾಯಿ ಕೊಟ್ಟು, ಗಾಜಿನ ಪಾಚಿ ತಿನ್ನುತ್ತದೆಯೆಂದು ಶಿವಾಜಿನಗರದ ಅಂಗಡಿಯಲ್ಲಿ ಕೊಂಡ ಮೀನು ಅದರೊಳಗೆ ಬಿಲ ಕೊರೆಯುವುದನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಿ.

ಬೇಸಿಗೆಯಲ್ಲಿ ನಮ್ಮ ಕೆರೆಗಳು ಬತ್ತುತ್ತವೆ, ಆ ಮೀನುಗಳೂ ಸತ್ತುಹೋಗುತ್ತವಲ್ಲ ಎನ್ನುತ್ತೀರಿ. ಸಕ್ಕರ್ ಮೀನಿಗೆ ನೀರಿನ ಆಮ್ಲಜನಕ ಸಾಲದಿದ್ದರೆ ಗಾಳಿ ನುಂಗಿ ಹೊಟ್ಟೆಯಿಂದಲೇ ಉಸಿರಾಡುತ್ತದೆ. ಕೊಳಚೆಯಲ್ಲೂ ಉಳಿಯುತ್ತದೆ. ಗೆಂಡೆ ಸಾಯುವ ನೀರಿನಲ್ಲಿ ಅದು ಬದುಕುತ್ತದೆ.

ಮೀನಿನ ಜತೆ ಬರುವುದು ಮೀನೊಂದೇ ಅಲ್ಲ. 1990ರ ಆಸುಪಾಸಿನಲ್ಲಿ ಕೆರೆ ಮೀನು ತಿಂದು ಬೆಳೆದವರಿಗೆ ನೆನಪಿರಬೇಕು, ಕೊರವ ಮೀನಿನ ಮೈಯೆಲ್ಲ ಕೆಂಪು ಹುಣ್ಣು, ಮಾಂಸ ಕೊಳೆತು ಮುಳ್ಳು ಕಾಣುತ್ತಿದ್ದದ್ದು. ಮಾರುಕಟ್ಟೆಯಲ್ಲಿ ಯಾರೂ ಮೀನು ಮುಟ್ಟುತ್ತಿರಲಿಲ್ಲ, ಬೆಸ್ತರ ಮನೆಗಳಲ್ಲಿ ಒಲೆ ಹತ್ತುತ್ತಿರಲಿಲ್ಲ. ಅದು ನೀರಿನ ಬೂಸ್ಟಿನಿಂದ ಬರುವ ರೋಗ. ಮೊದಲು ಕಂಡದ್ದು 1971ರಲ್ಲಿ ಜಪಾನಿನಲ್ಲಿ. ದೇಶದಿಂದ ದೇಶಕ್ಕೆ ದಾಟುತ್ತಾ 1988ರಲ್ಲಿ ಭಾರತ ಹೊಕ್ಕಿತು. ಹೊಳೆಯ ನೆರೆ ಅದನ್ನು ಹರಡಿದೆ, ಜೀವಂತ ಮೀನಿನ ಸಾಗಾಟವೂ ಹರಡಿದೆ. ಒಂದು ಚೀಲ ನೀರು ಎಂದರೆ ಒಂದು ಚೀಲ ರೋಗವೂ ಆಗಬಹುದು, ಬರಿಗಣ್ಣಿಗೆ ಕಾಣುವುದಿಲ್ಲ.

ಹೊರಗಿನ ಮೀನನ್ನು ತಂದದ್ದೆಲ್ಲ ಪಾಪ ಎಂದು ನಾನು ಹೇಳಲಾರೆ. ನಮ್ಮ ಬಾಣಾವರದ ಸುತ್ತಿನ ಹಳ್ಳಿಗಳಲ್ಲಿ ಮಲೇರಿಯಾ ಮನೆಮನೆಯನ್ನು ಹಿಂಡುತ್ತಿದ್ದಾಗ, ಬಾವಿಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಟ್ಟು ಸೊಳ್ಳೆಯ ಮರಿಗಳನ್ನು ತಿನ್ನಿಸಿದರು. ಚಳಿಜ್ವರ ಇಳಿಯಿತು. ಆ ಕೆಲಸ ಮಾಡಿದ ವಿಜ್ಞಾನಿಗಳಿಗೆ ನನ್ನ ನಮಸ್ಕಾರ. ಗ್ಯಾಂಬೂಸಿಯಾ 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದ ಮೀನು. ಬಾವಿಯೊಳಗೆ ಇರುವವರೆಗೆ ಅದು ನಮ್ಮ ಸೇವಕ. ಕೆರೆ, ಹಳ್ಳಕ್ಕೆ ಇಳಿದರೆ ಬೇರೆ ಮೀನುಗಳ ಮೊಟ್ಟೆಮರಿಯನ್ನೂ ತಿನ್ನುತ್ತದೆ. 1952ರಲ್ಲಿ ಬಂದ ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನು, ಈಗ ಯಾವ ಕೆರೆಯಲ್ಲಿಲ್ಲ ಹೇಳಿ? ಅಂತರಗಂಗೆ ನಮ್ಮ ನಾಡಿಗೆ ಬಂದದ್ದು ಅದರ ನೀಲಿ ಹೂವಿನ ಚೆಲುವಿಗಾಗಿ. ಇವತ್ತು ಅದನ್ನು ಕೆರೆಯಿಂದ ಕೀಳಲು ಜೆಸಿಬಿ ತರಿಸುತ್ತೇವೆ. ತಂದವರ ಕೈಯಲ್ಲಿ ಹಿಂದಕ್ಕೆ ಕಳಿಸುವ ಶಕ್ತಿ ಒಮ್ಮೆಯೂ ಇರಲಿಲ್ಲ.

ಕೆರೆ ಈಗ ಒಂಟಿಯಾಗಿಯೂ ಇಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ಹರಿಯುವುದು ಹಳೆಯ ಕಾಲದ ವ್ಯವಸ್ಥೆ. ಅದರ ಮೇಲೆ ಈಗ ಎತ್ತಿನಹೊಳೆ ಯೋಜನೆ. ಅದರ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಸಕಲೇಶಪುರದ ಕಡೆ ಪಡುವಣಕ್ಕೆ ಹರಿಯುತ್ತಿದ್ದ ನೀರು ನಾಲೆಯಲ್ಲಿ ನಮ್ಮ ತಾಲ್ಲೂಕನ್ನು ಹಾದು ಮೂಡಣಕ್ಕೆ ಹೋಗಬೇಕು. ನೀರು ಬರಲಿ, ಬರಬೇಕು, ಬಾಯಾರಿದ ಸೀಮೆ ನಮ್ಮದು. ಆದರೆ ಇನ್ನು ಮೇಲೆ ಒಬ್ಬರು ಒಂದು ಕೆರೆಗೆ ಬಿಟ್ಟ ಮೀನು ಆ ಕೆರೆಯದ್ದಾಗಿಯೇ ಉಳಿಯುತ್ತದೆ ಎಂಬ ಭರವಸೆ ಯಾರಿಗೂ ಬೇಡ.

ಇಲ್ಲಿಗೆ ಹಾರಿ ಬಂದ ಮೀನಿನ ಕತೆ ಇದು. ಇಲ್ಲಿಂದ ಹಾರಿ ಹೋದ ಮೀನಿನ ಕತೆಯನ್ನೂ ಕೇಳಬೇಕು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಸಿ. ಆರ್. ನಾರಾಯಣರಾವ್. ಮುಂದೆ 1932ರಲ್ಲಿ ಶುರುವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರು. ಅವರು 1920ರಲ್ಲಿ ಶಿವಮೊಗ್ಗದ ತುಂಗೆಯಿಂದ ಒಂದು ಬೆರಳುದ್ದದ ಮೀನನ್ನು ಹಿಡಿದು, ಬೋಟಿಯಾ ಸ್ಟ್ರಿಯೇಟಾ ಎಂದು ಹೆಸರಿಟ್ಟು ಲೋಕಕ್ಕೆ ತಿಳಿಸಿದರು. ಮೈತುಂಬ ಸಣ್ಣ ಸಣ್ಣ ಓರೆ ಗೆರೆ. ಹೊರದೇಶದ ಅಂಗಡಿಗಳಲ್ಲಿ ಅದಕ್ಕೆ ಜೀಬ್ರಾ ಲೋಚ್ ಎಂದು ಹೆಸರು. ತೊಟ್ಟಿಯಲ್ಲಿರುವ ಬಸವನಹುಳುಗಳನ್ನು ತಿನ್ನುತ್ತದೆಂದು ಯುರೋಪ್, ಅಮೆರಿಕದವರಿಗೆ ಅದು ಬೇಕು. ಅವರಿಗೆ ಬೇಕಾದದ್ದು ನಮ್ಮ ಸಹ್ಯಾದ್ರಿಯ ಕೆಲವೇ ಹೊಳೆಗಳಲ್ಲಿದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. 2005ರಿಂದ 2012ರವರೆಗೆ ಭಾರತದಿಂದ ಹೊರಗೆ ಹೋದ, ಅಳಿವಿನ ಭಯದಲ್ಲಿರುವ 30 ಜಾತಿಯ ಸಿಹಿನೀರ ಮೀನುಗಳ ಸಂಖ್ಯೆ 15 ಲಕ್ಷಕ್ಕೂ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಮೂರು ಬಗೆಯವು: ನಾರಾಯಣರಾಯರ ಈ ಗೆರೆಮೀನು, ಕಡಲೆಕಾಯಿಯಷ್ಟಿರುವ ಕುಬ್ಜ ಪಫರ್, ಮತ್ತು ಮಿಸ್ ಕೇರಳ ಎಂದು ಹೆಸರಾದ ಕೆಂಪುಗೆರೆಯ ಡೆನಿಸನ್ ಬಾರ್ಬ್.

ಮಿಸ್ ಕೇರಳ ಎಂಬ ಹೆಸರು ಕೇಳಿ ನಮ್ಮದಲ್ಲ ಎಂದುಕೊಳ್ಳಬೇಡಿ. ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲೂ ಅದು ಇದೆ. ಕನ್ನಡ ಮಾತಾಡುವ ದಡ ಅದು. 1997ರಲ್ಲಿ ಸಿಂಗಾಪುರದ ಬಣ್ಣದ ಮೀನಿನ ಪ್ರದರ್ಶನದಲ್ಲಿ ಬಹುಮಾನ ಬಂದದ್ದೇ ಅದಕ್ಕೆ ಶಾಪವಾಯಿತು. ಎಲ್ಲರಿಗೂ ಬೇಕಾಯಿತು. ಹೊಳೆಯಿಂದ ಗುಂಪುಗುಂಪಾಗಿ ಹಿಡಿದರು, ಚೀಲಕ್ಕೆ ತುಂಬಿದರು, ಕಳಿಸಿದರು. 13 ವರ್ಷ ತುಂಬುವಷ್ಟರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಬೇಕಾಯಿತು. ಹರಿವ ಹೊಳೆಗೆ ಎದುರಾಗಿ ಗುಂಪಾಗಿ ಈಜುವ ಮೀನು ಅದು. ಯಾವುದೋ ಶೀತದೇಶದ ಬೈಠಕ್ ಖಾನೆಯ ನಾಲ್ಕಡಿ ಗಾಜಿನೊಳಗೆ ಅದು ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದರೆ ನೋಡುವವರಿಗೆ ಚೆಂದ ಕಾಣುತ್ತದೆ.

ಹೊರದೇಶದಲ್ಲಿ ನೆಲೆಸಿರುವ ಕನ್ನಡದ ಅಕ್ಕಂದಿರೇ, ಅಣ್ಣಂದಿರೇ, ಇದನ್ನು ನಿಮಗೇ ಹೇಳುತ್ತಿದ್ದೇನೆ. ಊರಿನ ನೆನಪಿಗೆಂದು ಊರ ಹೊಳೆಯ ಮೀನು ಕೊಳ್ಳುವ ಆಸೆ ನಿಮಗೆ ಬರಬಹುದು. ಅಂಗಡಿಯವರನ್ನು ಒಂದು ಮಾತು ಕೇಳಿ, ಇದು ತೊಟ್ಟಿಯಲ್ಲಿ ಹುಟ್ಟಿದ್ದೋ ಹೊಳೆಯಲ್ಲಿ ಹಿಡಿದದ್ದೋ ಎಂದು. ಹೊಳೆಯದು ಎಂದರೆ, ಗೊತ್ತಿಲ್ಲ ಎಂದರೂ, ಅಲ್ಲೇ ಬಿಟ್ಟು ಬನ್ನಿ.

ಮೀನಿನ ವಿಷಯದಲ್ಲಿ ನಮ್ಮ ನಾಡಿಗೆ ಅಂತಃಕರಣ ಇಲ್ಲ ಎನ್ನುವ ಹಾಗಿಲ್ಲ. ನಮ್ಮ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ಮೀನನ್ನು ಯಾರೂ ಹಿಡಿಯುವುದಿಲ್ಲ, ಪುರಿ ಹಾಕಿ ಕೈಮುಗಿಯುತ್ತಾರೆ. ಶೃಂಗೇರಿಯಲ್ಲೂ ಹಾಗೇ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ 1996ರಲ್ಲಿ ಯಾರೋ ಕಪಿಲೆಗೆ ವಿಷ ಬೆರೆಸಿದರು. ಸಾವಿರಾರು ದೇವರ ಮೀನುಗಳು ಸತ್ತು ತೇಲಿದವು. ಆ ಊರಿನವರು ಮನೆಯವರೇ ಹೋದಂತೆ ಅತ್ತು, ಸತ್ತ ಮೀನುಗಳಿಗೆ ಅಲ್ಲೊಂದು ಸ್ಮಾರಕ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟಿದ ಜನ ನಾವು. ವಿಷ ಹಾಕಿದವನ ಕೈಯನ್ನು ನಾವು ಗುರುತಿಸಬಲ್ಲೆವು. ಕರುಣೆಯಿಂದ ಬಕೆಟ್ಟು ಬಗ್ಗಿಸುವ ಕೈಯನ್ನು ಗುರುತಿಸುವುದು ಕಷ್ಟ, ಅದು ನಮ್ಮದೇ ಕೈ.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ಮೀನು ಕೊಳ್ಳುವ ದಿನವೇ ಲೆಕ್ಕ ಹಾಕಿ. ಸರಿಯಾಗಿ ನೋಡಿಕೊಂಡರೆ ಗೋಲ್ಡ್ ಫಿಶ್ ಹತ್ತು ವರ್ಷ ಮೀರಿ ಬದುಕುತ್ತದೆ. ಬೆರಳುದ್ದದ ಸಕ್ಕರ್ ಮೊಳದುದ್ದ ಆಗುತ್ತದೆ. ಹತ್ತು ವರ್ಷ ಈ ಊರಿನಲ್ಲೇ ಇರುತ್ತೇವೆಯೆ? ಇಲ್ಲವಾದರೆ ಮಗುವಿಗೆ ಬೇರೆ ಏನಾದರೂ ಕೊಡಿಸಿ. ವಾಸ್ತುವಿಗೆಂದು ಅರೋವನ, ಅದೃಷ್ಟಕ್ಕೆಂದು ಫ್ಲವರ್ ಹಾರ್ನ್ ತರುವವರೇ, ಒಂದು ಜೀವವನ್ನು ಸಮುದ್ರ ದಾಟಿಸಿ ತಂದು ಗಾಜಿನಲ್ಲಿ ಕೂಡಿಹಾಕಿದ ಮನೆಗೆ ಅದೃಷ್ಟ ಯಾವ ಬಾಗಿಲಿನಿಂದ ಬರುತ್ತದೆ?

ಊರು ಬಿಡಬೇಕಾಗಿ ಬಂದರೆ, ವೀಸಾ ಅರ್ಜಿ ಹಾಕಿದ ದಿನವೇ ಮೀನಿಗೂ ಮನೆ ಹುಡುಕಿ. ನೆಂಟರನ್ನು ಕೇಳಿ, ಕೊಂಡ ಅಂಗಡಿಯವರನ್ನು ಕೇಳಿ, ಶಾಲೆಯ ಮೇಷ್ಟರನ್ನು ಕೇಳಿ. ಕಾಯಿಲೆ ಬಿದ್ದು ನರಳುವ ಮೀನಾದರೆ ಪಶುವೈದ್ಯರ ಹತ್ತಿರ ಹೋಗಿ, ನೋವಿಲ್ಲದ ಸಾವು ಕೊಡುವ ವಿಧಾನ ಅವರಿಗೆ ಗೊತ್ತಿರುತ್ತದೆ. ಬರೆಯುವಾಗ ನನ್ನ ಕೈ ನಡುಗುತ್ತಿದೆ. ಆದರೂ ಹೇಳುತ್ತೇನೆ, ಒಂದು ಮೀನಿನ ಶಾಂತ ಸಾವು ಒಂದು ಕೆರೆಯ ಸಾವಿಗಿಂತ ಮೇಲು. ಸತ್ತ ಮೀನನ್ನು ಮಣ್ಣಿನಲ್ಲಿ ಹೂಳಿ. ತೊಟ್ಟಿಯ ನೀರನ್ನು ಚರಂಡಿಗೂ ಹಳ್ಳಕ್ಕೂ ಬಿಡದೆ ತೆಂಗಿನ ಬುಡಕ್ಕೆ ಸುರಿಯಿರಿ. ತೊಟ್ಟಿಯ ಗಿಡವನ್ನು ಬಿಸಿಲಿನಲ್ಲಿ ಒಣಗಿಸಿ ಸುಡಿ.

ತಮ್ಮನ ಮಗಳ ಡಬ್ಬಿ ನಮ್ಮ ಮನೆಯಲ್ಲೇ ಉಳಿಯಿತು. ಅಮ್ಮನಿಗೆ ಏರಿಯ ಬಿಲದ ಕತೆ ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಬ್ಯಾಡ ಕಣಪ್ಪ, ನಾನೇ ನೋಡ್ಕತೀನಿ" ಎಂದರು. ಮೂರು ಮೀನಿಗೂ ಸಾಲುವಷ್ಟು ದೊಡ್ಡ ಗಾಜಿನ ತೊಟ್ಟಿ ತಂದೆ. ಭಾನುವಾರ ಮಗು ವಿಡಿಯೋ ಕರೆ ಮಾಡಿದಾಗ ಅಮ್ಮ ಫೋನನ್ನು ಗಾಜಿಗೆ ಹಿಡಿಯುತ್ತಾರೆ.

ಹಾರನಹಳ್ಳಿ, ಅರಸೀಕೆರೆ, ಬೇಲೂರು, ಹಳೇಬೀಡಿನ ಪಂಚಾಯಿತಿಯವರಲ್ಲಿ, ಕೆರೆ ಬಳಕೆದಾರರ ಸಂಘದವರಲ್ಲಿ ಒಂದು ಪ್ರಾರ್ಥನೆ. ಮುಂದಿನ ಮುಂಗಾರು ಬೀಳುವ ಮುಂಚೆ ಪ್ರತಿ ಕೆರೆಯ ಏರಿಯ ಮೇಲೆ ಒಂದು ಹಲಗೆ ನಿಲ್ಲಿಸಿ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಇಷ್ಟು ಬರೆಸಿ: ಮನೆಯಲ್ಲಿ ಸಾಕಿದ ಮೀನನ್ನು ಈ ನೀರಿಗೆ ಬಿಡಬೇಡಿ.